ಬಸ್ಸು ನಿಂತಿರಲಿಲ್ಲ

ಹೋದ ಫೆಬ್ರವರಿಯಲ್ಲಿ ಕಚೇರಿಯ ಕೆಲಸಕ್ಕೆಂದು ದಿಲ್ಲಿಗೆ ಹೋದವಳು ನಿಜಾಮುದ್ದೀನ್ ಸೇತುವೆಯ ಮೇಲೆ ಟ್ಯಾಕ್ಸಿಯಲ್ಲಿ ಕೂತಿದ್ದೆ. ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಅದರ ಹಿಂದೆ ನಾವೂ ನಿಂತೆವು. ಕಿಟಕಿಯ ಸಂದಿನಿಂದ ಸುಟ್ಟ ಬ್ರೇಕಿನ ವಾಸನೆ ಒಳಗೆ ಬಂತು. ಕಾದ ಕಬ್ಬಿಣ, ರಬ್ಬರು, ಡೀಸೆಲ್ ಎಲ್ಲ ಸೇರಿದ ಆ ಘಾಟು ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೈ ತಾನಾಗಿಯೇ ಮೇಲೆದ್ದು ಹಿಡಿದುಕೊಳ್ಳಲು ಸರಳು ಹುಡುಕಿತು. ಟ್ಯಾಕ್ಸಿಯಲ್ಲಿ ಸರಳು ಎಲ್ಲಿಂದ ಬರಬೇಕು? ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಶೀಶಾ ಬಂದ್ ಕರ್ ದೂಂ, ಮೇಡಂ?" ಎಂದ. ಕಿಟಕಿ ಮುಚ್ಚುವುದು ಬೇಡವೆಂದೆ.

ಕೈಗೆ ಆ ಅಭ್ಯಾಸವಾದದ್ದು ನಾನು ಇದೇ ದಿಲ್ಲಿಯಲ್ಲಿ ಕೆಲಸಕ್ಕಿದ್ದ ಎರಡು ಸಾವಿರದ ಆರು ಏಳರ ಸುಮಾರಿನಲ್ಲಿ. ಮಯೂರ್ ವಿಹಾರಕ್ಕೆ ಮೆಟ್ರೊ ಬರುತ್ತದಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು, ಬಂದಿರಲಿಲ್ಲ. ನನಗೆ ಇಪ್ಪತ್ತಾರು ವರ್ಷ. ಹಾಸನದಿಂದ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸ್ಟೆನೋಗ್ರಾಫರ್ ಆಗಿ ಸೇರಿದ್ದೆ. ಮಯೂರ್ ವಿಹಾರದಲ್ಲಿ ಒಂದು ಮನೆಯ ತಾರಸಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಆಟೋದವರು ನಮ್ಮ ಕಡೆಯಿಂದ ಸೇತುವೆ ದಾಟಲು ಒಪ್ಪುತ್ತಿರಲಿಲ್ಲ. ಕಚೇರಿಗಳಿಗೆ ಓಡುವ ಚಾರ್ಟರ್ಡ್ ಬಸ್ಸಿನಲ್ಲಿ ಸೀಟು ಬೇಕೆಂದರೆ ಯಾರಾದರೂ ನಿವೃತ್ತರಾಗುವವರೆಗೆ ಕಾಯಬೇಕಿತ್ತು. ಉಳಿದದ್ದು ನೀಲಿ ಬಣ್ಣದ ಖಾಸಗಿ ಬಸ್ಸು. ನಮಗೆ ಅನುಕೂಲದ ಹೊತ್ತಿಗೆ ಬರುತ್ತಿದ್ದದ್ದು ಎರಡೇ. ಅವು ಒಂದರ ಹಿಂದೊಂದು ಹೊರಟು, ಒಂದನ್ನೊಂದು ಹಿಂದೆ ಹಾಕಲು ಪಂದ್ಯ ಕಟ್ಟಿದಂತೆ ಓಡುತ್ತಿದ್ದವು. ಮುಂದೆ ಹೋದವನಿಗೆ ಮುಂದಿನ ಸ್ಟಾಪಿನ ಜನ ಸಿಗುತ್ತಿದ್ದರು. ಆದ್ದರಿಂದ ಯಾವ ಸ್ಟಾಪಿನಲ್ಲೂ ಬಸ್ಸು ನಿಲ್ಲುತ್ತಿರಲಿಲ್ಲ, ನಿಂತ ಹಾಗೆ ಮಾಡುತ್ತಿತ್ತು. ನಾವು ಹಿಂದಿನ ಬಾಗಿಲಿಗೆ ನೇತುಬಿದ್ದು ಹತ್ತಬೇಕು, ಜನರ ನಡುವೆ ನುಸುಳಿ ಮುಂದಿನ ಬಾಗಿಲಿಗೆ ಬಂದು ಇಳಿಯಬೇಕು.

ಪ್ರಮೀಳಕ್ಕನ ಪರಿಚಯವಾದದ್ದೂ ಆ ಸ್ಟಾಪಿನಲ್ಲೇ. ನಾನು ದಿಲ್ಲಿಗೆ ಬಂದ ಎರಡನೇ ವಾರ, ಬಸ್ಸೊಂದು ನಮ್ಮನ್ನು ನೋಡಿಯೂ ಹಾಗೇ ಹೊರಟುಹೋದಾಗ, "ಹಾಳಾಗಿ ಹೋಗ" ಎಂದು ಗೊಣಗಿಕೊಂಡೆ. ಪಕ್ಕದಲ್ಲಿ ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ತಿರುಗಿ, "ಯಾವೂರಮ್ಮ?" ಎಂದರು. ಅವರು ತುಮಕೂರಿನವರು. ನಮ್ಮ ಕಚೇರಿಯ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ, ಬೇರೆ ಇಲಾಖೆಯಲ್ಲಿ ಅಸಿಸ್ಟೆಂಟ್. ದಿಲ್ಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತ್ತು. ಯಜಮಾನರು ತೀರಿಕೊಂಡು ಆರು ವರ್ಷ. ಕಾಲೇಜು ಓದುವ ಮಗಳು ರೂಪಾ ಜೊತೆ ದಿಲ್ಲಿ ಪ್ರಾಧಿಕಾರ ಕಟ್ಟಿಸಿದ ಡಿಡಿಎ ಫ್ಲಾಟಿನ ಎರಡನೇ ಮಹಡಿಯಲ್ಲಿದ್ದರು.

ಬಸ್ಸಿನ ವಿದ್ಯೆಯನ್ನೆಲ್ಲ ಅವರೇ ಕಲಿಸಿದರು. "ಜಡೆ ಮುಂದಕ್ಕೆ ಹಾಕ್ಕೋ ವಸು, ಯಾವನಾದ್ರೂ ಹಿಡ್ಕೊಂಡು ಹತ್ತುತ್ತಾನೆ. ಬ್ಯಾಗು ಹೊಟ್ಟೆ ಮುಂದೆ ಇರಲಿ. ಸೇಫ್ಟಿ ಪಿನ್ನು ಬ್ಯಾಗಲ್ಲಿಟ್ರೆ ಪ್ರಯೋಜನ ಇಲ್ಲ, ಬೆರಳ ಸಂದೀಲಿಟ್ಕೋ. ಚುಚ್ಚಿದ ಮೇಲೆ ತಿರುಗಿ ನೋಡ್ಬೇಡ. ಯಾರು ಅಂತ ಗೊತ್ತಾದ್ರೆ ದಿನಾ ಅದೇ ಮುಖ ನೋಡ್ಕೊಂಡು ಬರ್ಬೇಕಾಗುತ್ತೆ."

ಒಂದು ವಿಷಯದಲ್ಲಿ ಮಾತ್ರ ಅವರು ಯಾರ ಮಾತೂ ಕೇಳುತ್ತಿರಲಿಲ್ಲ. ಬಸ್ಸು ಪೂರ್ತಿ ನಿಲ್ಲದೆ ಇಳಿಯುತ್ತಿರಲಿಲ್ಲ. ಮುಂದಿನ ಬಾಗಿಲಿನ ಮೆಟ್ಟಿಲ ಮೇಲೆ ಎರಡೂ ಕೈಯಲ್ಲಿ ಸರಳು ಹಿಡಿದು ನಿಂತು, "ರೋಕೋ ಭಯ್ಯಾ, ಪೂರಾ ರೋಕೋ" ಅನ್ನುತ್ತಿದ್ದರು. ಹಿಂದಿನವರು ಬೈಯುತ್ತಿದ್ದರು. ಕಂಡಕ್ಟರ್ ಬಸ್ಸಿನ ತಗಡು ಬಡಿಯುತ್ತಿದ್ದ. "ಬೈದ್ರೆ ಮೈಗೇನು ಅಂಟುತ್ತಾ?" ಎಂದು ಅವರು ಅಲ್ಲಾಡುತ್ತಿರಲಿಲ್ಲ. ಎಷ್ಟೋ ಸಲ ಬಸ್ಸು ನಮ್ಮನ್ನು ಮುಂದಿನ ಸ್ಟಾಪಿನವರೆಗೆ ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿಂದ ನಡೆದು ಬರುತ್ತಿದ್ದೆವು. ಅವರ ಜೊತೆ ನಡೆಯುವುದು ನನಗೆ ಮೊದಮೊದಲು ಇಷ್ಟವೇ ಆಗಿತ್ತು.

ಜೂನ್ ತಿಂಗಳಲ್ಲಿ ನಮ್ಮ ವಿಭಾಗಕ್ಕೆ ಹೊಸ ಅಧಿಕಾರಿ ಬಂದರು. ಒಂಬತ್ತೂಕಾಲಿಗೆ ಹಾಜರಿ ಪುಸ್ತಕ ತಮ್ಮ ಕೋಣೆಗೆ ತರಿಸಿಕೊಂಡು, ಬರದವರ ಹೆಸರಿನ ಮುಂದೆ ಕೆಂಪು ಗೀಟು ಎಳೆಯುತ್ತಿದ್ದರು. ಮೂರು ಗೀಟಿಗೆ ಅರ್ಧ ದಿನದ ರಜೆ ಹೋಗುತ್ತಿತ್ತು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಜುಲೈ ಎರಡನೇ ವಾರಕ್ಕೆ ನನ್ನ ಹೆಸರಿನ ಮುಂದೆ ಐದು ಗೀಟು ಬಿದ್ದಿದ್ದವು. ಅಧಿಕಾರಿ ಕರೆದು, "ಇನ್ನೊಂದಾದರೆ ಮೇಲಕ್ಕೆ ಬರೆದು ಕಳಿಸುತ್ತೇನೆ" ಎಂದಿದ್ದರು.

ಅದರ ಮರುದಿನ ಬೆಳಿಗ್ಗೆಯಿಂದ ಮಳೆ. ಸೇತುವೆಯ ಮೇಲೆ ಅರ್ಧ ಗಂಟೆ ನಿಂತೆವು. ಬಸ್ಸಿನೊಳಗೆ ಒದ್ದೆ ಬಟ್ಟೆಯ ಹಬೆ, ಉಸಿರಾಡಲೂ ಜಾಗವಿಲ್ಲ. ಸೇತುವೆ ಇಳಿದದ್ದೇ ಚಾಲಕ ಕಳೆದ ಹೊತ್ತನ್ನೆಲ್ಲ ಹಿಂದಕ್ಕೆ ಪಡೆಯುವವನಂತೆ ಓಡಿಸಿದ. ಹಿಂದೆ ಇನ್ನೊಂದು ಬಸ್ಸು ಹಾರನ್ ಒತ್ತಿಕೊಂಡೇ ಬರುತ್ತಿತ್ತು. ನಮ್ಮ ಸ್ಟಾಪು ಬಂದಾಗ ನನ್ನ ಗಡಿಯಾರದಲ್ಲಿ ಒಂಬತ್ತು ಗಂಟೆ ಎಂಟು ನಿಮಿಷ. ಪ್ರಮೀಳಕ್ಕ ನನ್ನ ಮುಂದಿದ್ದರು, ಮೆಟ್ಟಿಲ ಮೇಲೆ, ಎರಡೂ ಕೈಯಲ್ಲಿ ಸರಳು ಹಿಡಿದು. ಬಸ್ಸು ನಿಧಾನವಾಯಿತು.

"ಇಳೀರಿ ಪ್ರಮೀಳಕ್ಕ, ನಿಂತಿದೆ" ಎಂದೆ.

"ಇಲ್ಲ ಇರೇ, ನಿಲ್ಲಿಸ್ಲಿ."

"ನಿಂತಿದೆ, ಇಳೀರಿ" ಎಂದು ಅವರ ಬೆನ್ನ ಮೇಲೆ ಕೈಯಿಟ್ಟೆ. ಬರೀ ಇಟ್ಟೆನೆಂದರೆ ಸುಳ್ಳಾಗುತ್ತದೆ. ಒತ್ತಿದೆ. ಅವರು ಸರಳು ಬಿಟ್ಟರು. ಅದೇ ಗಳಿಗೆಯಲ್ಲಿ ಹಿಂದಿನ ಬಸ್ಸು ಬಲಗಡೆಯಿಂದ ನುಗ್ಗಿತು, ನಮ್ಮ ಚಾಲಕ ಆಕ್ಸಿಲರೇಟರ್ ತುಳಿದ. ಬಸ್ಸು ಜಿಗಿಯಿತು. ಪ್ರಮೀಳಕ್ಕ ಒದ್ದೆ ರಸ್ತೆಯ ಮೇಲೆ ಪಕ್ಕಕ್ಕೆ ಬಿದ್ದರು. ಹಿಂದಿನ ಚಕ್ರ ಅವರ ಎಡಪಾದದ ಮೇಲೆ ಹರಿಯಿತು.

ಅವರು ಕೂಗಲಿಲ್ಲ. ಬ್ರೇಕು ಕಿರುಚಿತು, ಸುಟ್ಟ ವಾಸನೆ ಬಂತು. ನಾನು ಇಳಿದು ಓಡಿ ಹೋದಾಗ ಕನ್ನಡಕ ಹುಡುಕಿಕೊಡು ಎಂದರು. ಚಾಲಕ, ಕಂಡಕ್ಟರ್ ಇಬ್ಬರೂ ಮಳೆಯಲ್ಲಿ ಓಡಿಹೋದರು. ಬಸ್ಸಿನೊಳಗಿನ ಜನ ಒಬ್ಬೊಬ್ಬರಾಗಿ ಇಳಿದು, ನಮ್ಮನ್ನು ನೋಡಿ, ತಮ್ಮ ತಮ್ಮ ಕಚೇರಿಯ ಕಡೆ ನಡೆದರು. ಆ ಜನರನ್ನು ನಾನು ದೂರುವ ಹಾಗಿಲ್ಲ. ಆಸ್ಪತ್ರೆಗೆ ಹೋಗುವ ಆಟೋದಲ್ಲಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನೂ ಒಮ್ಮೆ ಗಡಿಯಾರ ನೋಡಿದೆ.

ಎರಡು ಬೆರಳು ತೆಗೆದರು. ಪಾದದ ಮೂಳೆಗಳಿಗೆ ಸರಳು ಹಾಕಿದರು. ಪೊಲೀಸರು ಆಸ್ಪತ್ರೆಯ ವರಾಂಡದಲ್ಲೇ ನನ್ನ ಹೇಳಿಕೆ ಬರೆದುಕೊಂಡರು. ಬಸ್ಸು ನಿಲ್ಲದೆ ಮುಂದೆ ಹೋಯಿತು, ಅವರು ಬಿದ್ದರು ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಕೈಯ ಸುದ್ದಿ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನೊಬ್ಬಳೇ ಸಾಕ್ಷಿ.

ಎರಡು ವಾರಕ್ಕೆ ಬಸ್ಸು ಮತ್ತೆ ರಸ್ತೆಗೆ ಬಂತು. ಚಾಲಕ ಓಂವೀರ್ ಜಾಮೀನಿನ ಮೇಲೆ ಬಿಡುಗಡೆಯಾಗಿ ಅದೇ ಸೀಟಿನಲ್ಲಿದ್ದ. ನಾನು ಹಿಂದಿನ ಬಾಗಿಲಲ್ಲಿ ಹತ್ತಿದಾಗ ಕಂಡಕ್ಟರ್ ಜಗ್ಗಿ, ನಲವತ್ತು ದಾಟಿದ ಸಣಕಲು ಮನುಷ್ಯ, ಬಾಯಿತುಂಬ ಪಾನ್ ಮಸಾಲಾ ತುಂಬಿಕೊಂಡೇ ನಕ್ಕ. "ಆಯಿಯೇ ಗವಾಹ್ ಜೀ" ಎಂದ. ಬನ್ನಿ ಸಾಕ್ಷಿಯವರೇ ಎಂದು. ಇಡೀ ಬಸ್ಸು ನನ್ನ ಕಡೆ ತಿರುಗಿತು.

ಅವತ್ತಿನಿಂದ ನನ್ನ ಹೆಸರೇ ಅದಾಯಿತು. ನಾನು ಇಳಿಯುವ ಸ್ಟಾಪು ಬರುತ್ತಿದ್ದಂತೆ ಜಗ್ಗಿ ಹಿಂದಿನಿಂದ ಕೂಗುತ್ತಿದ್ದ: "ಉಸ್ತಾದ್, ಗವಾಹ್ ಜೀ ಉತರೇಂಗೀ. ಪೂರಾ ರೋಕ್ನಾ." ಸಾಕ್ಷಿಯವರು ಇಳಿಯುತ್ತಾರೆ, ಪೂರ್ತಿ ನಿಲ್ಲಿಸು ಎಂದು. ಓಂವೀರ್ ಬಸ್ಸನ್ನು ಕಲ್ಲಿನಂತೆ ನಿಲ್ಲಿಸುತ್ತಿದ್ದ. ನಿಲ್ಲಿಸಿ ಎಂಜಿನ್ ಆರಿಸಿಬಿಡುತ್ತಿದ್ದ. ನಾನು ಇಳಿದ ಮೇಲೂ ಒಂದು ನಿಮಿಷ, ಎರಡು ನಿಮಿಷ ಹಾಗೇ ಬಿಡುತ್ತಿದ್ದ. ಹೊತ್ತಾದ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನನಗೆ ಬೈಯುತ್ತಿದ್ದರು. ಕೆಲವು ದಿನ ಸ್ಟಾಪಿನಲ್ಲಿ ನನ್ನನ್ನು ಕಂಡು ನಿಲ್ಲಿಸದೆ ಹೋಗುತ್ತಿದ್ದ. ಕೆಲವು ದಿನ ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿ ಚಕ್ರ ತಂದು ನಿಲ್ಲಿಸುತ್ತಿದ್ದ. ಯಾವ ದಿನ ಯಾವುದು ಎಂದು ತಿಳಿಯುತ್ತಿರಲಿಲ್ಲ. ಲಕ್ಷ್ಮೀ ನಗರಕ್ಕೆ ಶೇರ್ ಆಟೋದಲ್ಲಿ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿದು ನೋಡಿದೆ. ಅಲ್ಲಿನ ಕೋಚಿಂಗ್ ಕ್ಲಾಸುಗಳ ಹುಡುಗರ ನೂಕುನುಗ್ಗಲಲ್ಲಿ ಮುಕ್ಕಾಲು ಗಂಟೆ ಹೆಚ್ಚಾಗುತ್ತಿತ್ತು. ಅಪಘಾತದ ದಿನದ್ದನ್ನು ಮನ್ನಿಸಿದ್ದ ಅಧಿಕಾರಿ ಒಂದೇ ವಾರದಲ್ಲಿ ಎರಡು ಗೀಟು ಎಳೆದು, ಇದೇ ಕೊನೆಯ ಎಚ್ಚರಿಕೆ ಎಂದರು. ಮತ್ತೆ ಅದೇ ಬಸ್ಸಿಗೆ ಬಂದೆ.

ಪ್ರತಿ ಭಾನುವಾರ ಪ್ರಮೀಳಕ್ಕನ ಮನೆಗೆ ಹೋಗುತ್ತಿದ್ದೆ. ನೀರು ಕಾಯಿಸಿ ಅವರ ಕಾಲಿಗೆ ಶಾಖ ಕೊಡುತ್ತಿದ್ದೆ, ವಾರಕ್ಕಾಗುವಷ್ಟು ಸಾರಿನ ಪುಡಿ ಮಾಡಿಡುತ್ತಿದ್ದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಆಸ್ಪತ್ರೆಗೆ ಮಾತ್ರ ಇಬ್ಬರು ಗಂಡಸರು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದರು. ರೂಪಾ ನನ್ನನ್ನು ಕಂಡರೆ ಹಿಗ್ಗುತ್ತಿದ್ದಳು. "ವಸು ಆಂಟಿ ಇಲ್ದಿದ್ರೆ ನಮ್ದು ಕ್ಯಾ ಹೋತಾ, ಮಮ್ಮಿ?" ನಮ್ಮ ಗತಿ ಏನಾಗುತ್ತಿತ್ತು ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಅನ್ನುತ್ತಿದ್ದಳು. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಪ್ರಮೀಳಕ್ಕ ಆ ಬೆಳಗಿನ ಮಾತು ಒಮ್ಮೆಯೂ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಂಜೆ, ಆರೂವರೆ ಇರಬಹುದು, ಮಂಜು ಕವಿದು ಆಗಲೇ ಕತ್ತಲಾಗಿತ್ತು. ಹಿಂದಿರುಗುವ ಬಸ್ಸು ನನ್ನ ಸ್ಟಾಪಿನಲ್ಲಿ ನಿಲ್ಲಲಿಲ್ಲ. ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಸ್ಟಾಪುಗಳಲ್ಲಿ ಉಳಿದವರೆಲ್ಲ ಹಾರಿ ಹಾರಿ ಇಳಿದರು. ನನಗೆ ಹಾರಲು ಧೈರ್ಯ ಬರಲಿಲ್ಲ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಒಳಗೆ ನಾವು ಮೂವರೇ. ಜಗ್ಗಿ ಮಫ್ಲರ್ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಅಡ್ಡ ಕೂತಿದ್ದ. ಸೇಫ್ಟಿ ಪಿನ್ನು ನನ್ನ ಬೆರಳಿಗೇ ಚುಚ್ಚಿಕೊಂಡಿತ್ತು.

ಓಂವೀರ್ ಎದ್ದು ಬರಲಿಲ್ಲ. ಸೀಟಿನಲ್ಲೇ ಕೂತು, ತಿರುಗದೆ, ಹಿಂದಿಯಲ್ಲಿ ನಿಧಾನವಾಗಿ ಮಾತಾಡಿದ.

"ಹೆದರಬೇಡಿ ಬೆಹನ್‌ಜಿ. ಮುಂದಿನ ತಿಂಗಳು ಕೋರ್ಟು. ತಪ್ಪು ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಹಿಂದಿನವನು ನುಗ್ಗಿದ, ನಾನು ಗಾಡಿ ಎತ್ತಿದೆ. ಆದರೆ ಈ ಕನ್ನಡಿ ಇದೆಯಲ್ಲ, ಬಾಗಿಲ ಕಡೆಯದು, ಇದರಲ್ಲಿ ನನಗೆ ಎಲ್ಲ ಕಾಣುತ್ತೆ. ಆ ಅಮ್ಮ ಸರಳು ಹಿಡಿದೇ ಇದ್ದರು. ಅವರ ಬೆನ್ನ ಮೇಲೆ ಯಾರ ಕೈ ಇತ್ತು ಅಂತ ನೀವು ಪೊಲೀಸರಿಗೆ ಹೇಳಲಿಲ್ಲ."

ನಾನು ಆ ಕನ್ನಡಿಯ ಕಡೆ ನೋಡುತ್ತಿದ್ದಂತೆ ಅವನು ಮುಂದುವರಿಸಿದ.

"ಕೋರ್ಟಲ್ಲಿ ನೆನಪಿಲ್ಲ ಅನ್ನಿ. ಜನ ಜಾಸ್ತಿ ಇದ್ದರು, ಸರಿಯಾಗಿ ಕಾಣಲಿಲ್ಲ ಅನ್ನಿ. ನಾನೂ ಕನ್ನಡಿ ನೋಡಿಲ್ಲ ಅಂತೀನಿ. ನನಗೆ ಲೈಸೆನ್ಸ್ ಉಳಿಯುತ್ತೆ, ನಿಮಗೆ ಮುಖ ಉಳಿಯುತ್ತೆ. ಹೋಗಿ, ಎದುರಿಗೆ ವಾಪಸ್ ಬಸ್ಸು ನಿಂತಿದೆ."

ಇಳಿದೆ. ಎದುರಿಗೆ ನಿಂತಿದ್ದ ಬಸ್ಸಿನ ದೀಪ ಮಂಜಿನಲ್ಲಿ ಸರಿಯಾಗಿ ಕಾಣದೆ ಎರಡು ಸಲ ಎಡವಿದೆ. ಇಷ್ಟು ದಿನ ಅವನು ನನ್ನನ್ನು ಕೊಲ್ಲಿಸಬಹುದು, ಗೂಂಡಾಗಳನ್ನು ಬಿಡಬಹುದು ಎಂದೆಲ್ಲ ಹೆದರಿದ್ದೆ. ಅವನ ಕೈಯಲ್ಲಿ ಅದಕ್ಕಿಂತ ದೊಡ್ಡದು ಇತ್ತು.

ಕೋರ್ಟಿನ ದಿನದವರೆಗೆ ಮೂರು ಭಾನುವಾರ ಸಿಕ್ಕವು. ಮೂರು ಸಲವೂ ಹೇಳಿಬಿಡಬೇಕೆಂದು ಹೋಗಿ, ಮೂರು ಸಲವೂ ಸಾರಿನ ಪುಡಿ ಮಾಡಿಟ್ಟು ಬಂದೆ.

ಅಪಘಾತದ ಪರಿಹಾರದ ಕೋರ್ಟು ಎಂದರೆ ಒಂದು ಸಾಧಾರಣ ಕೋಣೆ. ಕಟಕಟೆ ಎನ್ನುವುದು ಮೊಣಕಾಲೆತ್ತರದ ಒಂದು ಮರದ ಅಡ್ಡ. ಜನವರಿಯ ಚಳಿಗೆ ಎಲ್ಲರೂ ಶಾಲು ಸ್ವೆಟರುಗಳಲ್ಲಿ ಮುದುರಿಕೊಂಡಿದ್ದರು. ಪ್ರಮೀಳಕ್ಕ ಕಂಕುಳಿಗೆ ಊರುಗೋಲು ಕೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ರೂಪಾ. ಎದುರುಗಡೆ ಓಂವೀರ್, ಒಗೆದ ಅಂಗಿ ಹಾಕಿಕೊಂಡು, ಕೈಕಟ್ಟಿ ನಿಂತಿದ್ದ. ನಮ್ಮ ವಕೀಲರು ಬಾಗಿಲಲ್ಲೇ ನನಗೆ, "ಕೇಳಿದಷ್ಟಕ್ಕೆ ಉತ್ತರ ಕೊಡಿ, ಸಾಕು" ಎಂದಿದ್ದರು. ಏನು ಹೇಳಬೇಕೆಂದು ಆ ಕೋಣೆಗೆ ಹೋಗುವವರೆಗೂ ನಾನು ತೀರ್ಮಾನಿಸಿರಲಿಲ್ಲ. ಇದನ್ನು ಈಗ ಮುಚ್ಚಿಟ್ಟು ಉಪಯೋಗವಿಲ್ಲ.

ನಮ್ಮ ವಕೀಲರ ಪ್ರಶ್ನೆಗಳು ಮುಗಿದವು. ಬಸ್ಸಿನ ವಿಮೆ ಕಂಪನಿಯ ವಕೀಲರು ಎದ್ದರು. ವಯಸ್ಸಾದವರು, ಮೆತ್ತಗಿನ ದನಿ.

"ಈಕೆ ದಿನಾ ಇದೇ ಬಸ್ಸಿನಲ್ಲಿ ಬರುತ್ತಿದ್ದರಲ್ಲವೆ?"

"ಹೌದು."

"ಓಡುವ ಬಸ್ಸಿನಿಂದ ಇಳಿದು ಅಭ್ಯಾಸವಿದ್ದವರು. ಅವತ್ತೂ ಅವಸರದಲ್ಲಿ ತಾವಾಗಿಯೇ ಹಾರಿದರು. ಹೌದೋ ಅಲ್ಲವೋ?"

ನಾನು ಪ್ರಮೀಳಕ್ಕನ ಕಡೆ ನೋಡಿದೆ. ಇಪ್ಪತ್ತೈದು ವರ್ಷ ಬಸ್ಸು ತುಂಬ ಜನರ ಬೈಗುಳ ತಿಂದು, ಒಂದು ದಿನವೂ ಓಡುವ ಬಸ್ಸಿನಿಂದ ಇಳಿಯದ ಹೆಂಗಸು. ಅವರು ಹಾರಿದರು ಎಂದು ಆ ಕಾಗದದಲ್ಲಿ ದಾಖಲಾಗಿ ಹೋಗುತ್ತಿತ್ತು. ಹೌದೆಂದರೂ ಅಷ್ಟೆ, ನೆನಪಿಲ್ಲವೆಂದರೂ ಅಷ್ಟೆ.

"ಅಲ್ಲ" ಎಂದೆ. "ಅವರು ಹಾರಲಿಲ್ಲ. ನಾನು ಇಳಿಸಿದೆ."

ಟೈಪ್ ಮಾಡುತ್ತಿದ್ದವನ ಕೈ ನಿಂತಿತು. ನ್ಯಾಯಾಧೀಶರು ತಲೆಯೆತ್ತಿ, "ಕ್ಯಾ ಮತ್ಲಬ್?" ಎಂದು ಅರ್ಥ ಕೇಳಿದರು.

"ಅವರು ನಿಲ್ಲಿಸಲಿ ಎಂದರು. ನನಗೆ ಕಚೇರಿಗೆ ಹೊತ್ತಾಗಿತ್ತು. ನಿಂತಿದೆ ಇಳಿಯಿರಿ ಎಂದು ನಾನು ಬೆನ್ನ ಮೇಲೆ ಕೈಯಿಟ್ಟು ಒತ್ತಿದೆ. ನನ್ನ ಮಾತು ನಂಬಿ ಅವರು ಸರಳು ಬಿಟ್ಟರು."

"ಬಸ್ಸು ನಿಂತಿತ್ತೇ?"

"ನಿಂತಿರಲಿಲ್ಲ. ಅದು ಸ್ಟಾಪು. ನಿಲ್ಲಬೇಕಾದ ಜಾಗ. ನಿಲ್ಲದೆ ಮತ್ತೆ ಜೋರಾಗಿ ಮುಂದೆ ಹೋಯಿತು."

ನಾನು ಹೇಳಿದ್ದನ್ನು ನ್ಯಾಯಾಧೀಶರು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ನನ್ನ ತಪ್ಪು ಬೇರೆಯವರ ಬಾಯಲ್ಲಿ, ಬೇರೆ ಭಾಷೆಯಲ್ಲಿ ಕೇಳುವಾಗ ಬಹಳ ಸ್ಪಷ್ಟವಾಗಿತ್ತು. ಕೆಳಗೆ ಸಹಿ ಹಾಕಿದೆ. ಓಂವೀರ್ ನೆಲ ನೋಡುತ್ತಿದ್ದ. ಅವನ ಹತ್ತಿರ ಇನ್ನು ಹೇಳಲು ಏನೂ ಉಳಿದಿರಲಿಲ್ಲ.

ಹೊರಗೆ ವರಾಂಡದಲ್ಲಿ ರೂಪಾ ನನಗೆ ಅಡ್ಡ ಬಂದಳು. ಮುಖ ಕೆಂಪಾಗಿತ್ತು. "ಛೇ ಮಹೀನೇ, ಆಂಟಿ. ಆರು ತಿಂಗಳು ನಮ್ಮನೇಲಿ ಕೂತು ಊಟ ಮಾಡಿದ್ರಿ. ನಾನು ನಿಮಗೆ ಥ್ಯಾಂಕ್ಸ್ ಹೇಳ್ತಿದ್ದೆ." ಮತ್ತೇನೋ ಹೇಳಲು ಹೋಗಿ ಕನ್ನಡದಲ್ಲಿ ಶಬ್ದ ಸಿಗದೆ ನಿಲ್ಲಿಸಿದಳು. ಪ್ರಮೀಳಕ್ಕ ಅವಳ ಜೊತೆ ಆಟೋ ಹತ್ತಿ ಹೊರಟುಹೋದರು.

ತೀರ್ಪು ಬಂದದ್ದು ಮುಂದಿನ ವರ್ಷ. ತಪ್ಪು ಚಾಲಕನದು, ಸ್ಟಾಪಿನಲ್ಲಿ ನಿಲ್ಲಿಸುವುದು ಅವನ ಕರ್ತವ್ಯವಾಗಿತ್ತು ಎಂದರು. ಪ್ರಮೀಳಕ್ಕನಿಗೆ ಬರಬೇಕಾದದ್ದು ಬಹುಪಾಲು ಬಂತು. ಸಹಪ್ರಯಾಣಿಕಳ ಅವಸರವೂ ಕಾರಣವೆಂದು ತೀರ್ಪಿನಲ್ಲಿ ಒಂದು ಸಾಲಿತ್ತು. ಆ ಹೊತ್ತಿಗೆ ಓಂವೀರ್ ನಮ್ಮ ದಾರಿಯ ಬಸ್ಸು ಬಿಟ್ಟು ಎಲ್ಲಿಗೋ ಹೋಗಿದ್ದ. ಜಗ್ಗಿ ಮಾತ್ರ ಇದ್ದ. ಕೋರ್ಟಿನ ಮರುದಿನದಿಂದಲೇ ಅವನು ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಸುಮ್ಮನೆ ಟಿಕೆಟ್ ಹರಿದು ಕೊಡುತ್ತಿದ್ದ.

ನನಗೆ ಆ ವರ್ಷ ಮುಗಿದದ್ದು ತೀರ್ಪಿನ ದಿನವಲ್ಲ, ಕೋರ್ಟಾದ ನಂತರದ ಭಾನುವಾರ. ಹೋಗುವುದೋ ಬೇಡವೋ ಎಂದು ಹನ್ನೊಂದು ಗಂಟೆಯವರೆಗೆ ಕೋಣೆಯಲ್ಲೇ ಕೂತಿದ್ದೆ. ಆಮೇಲೆ ಹೋದೆ. ರೂಪಾ ಬಾಗಿಲು ತೆಗೆದು, ಒಳಗೆ ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಪ್ರಮೀಳಕ್ಕ ಮಂಚದ ಮೇಲೆ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದರು. ನಾನು ನಿಂತೇ ಇದ್ದೆ.

"ಬೆನ್ನು ನಂದೇ ಅಲ್ವಾ ವಸು" ಎಂದರು. "ಯಾರ ಕೈ ಅಂತ ಬೇರೆಯವರು ಹೇಳ್ಬೇಕಿತ್ತಾ?"

"ಗೊತ್ತಿದ್ರೆ ಯಾಕೆ ಕೇಳ್ಲಿಲ್ಲ ಪ್ರಮೀಳಕ್ಕ?"

"ಕೇಳಿದ್ರೆ ನೀನು ಬರೋದು ಬಿಟ್ಬಿಡ್ತಿದ್ದೆ."

ಬಟಾಣಿಯ ಸಿಪ್ಪೆಯನ್ನು ಪೇಪರಿನ ಮೇಲೆ ಗುಡ್ಡೆ ಮಾಡಿದರು. "ಕೋಪ ಇಲ್ಲ ಅಂತ ಹೇಳಲ್ಲ. ಚಳಿಗೆ ಕಾಲು ಸೆಳೆಯುವಾಗ ನಿನ್ನ ಮೇಲೆ ಎಷ್ಟು ಕೋಪ ಬರುತ್ತೆ ಗೊತ್ತಾ? ಆಗ ನೀನೇ ಬಿಸಿನೀರು ತಗೊಂಡು ಬರ್ತೀಯ. ಬೈಯೋದು ಹೇಗೆ, ಹೇಳು." ಅವರು ನಗಲಿಲ್ಲ. ನನಗೂ ಅಳು ಬರಲಿಲ್ಲ. ಅವರು ಕಿಟಕಿಯ ಕಡೆ ನೋಡಿ, "ಕೆಳಗೆ ಬಿಸಿಲು ಬಂದಿದೆ. ಡಾಕ್ಟರು ಮೆಟ್ಟಿಲು ಇಳಿದು ಅಭ್ಯಾಸ ಮಾಡಿ ಅಂದಿದ್ದಾರೆ. ರೂಪಾನ ಜೊತೆ ಭಯ ಆಗುತ್ತೆ, ಅವಳು ಫೋನಲ್ಲಿ ಮೆಸೇಜ್ ಒತ್ತುತ್ತಾ ಇಳಿಸ್ತಾಳೆ. ನೀನು ಇಳಿಸ್ತೀಯಾ?" ಎಂದರು.

ಮೆಟ್ಟಿಲ ತುದಿಗೆ ಬಂದೆವು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವರ ಹಿಂದೆ ಹೋದೆ.

"ಅಲ್ಲಲ್ಲ, ಮುಂದೆ ಬಾ" ಎಂದರು.

ಒಂದು ಮೆಟ್ಟಿಲು ಕೆಳಗಿಳಿದು ಅವರಿಗೆ ಮುಖ ಮಾಡಿ ನಿಂತೆ. ಅವರು ಊರುಗೋಲನ್ನು ಗೋಡೆಗೆ ಒರಗಿಸಿ ಎರಡೂ ಕೈಗಳನ್ನು ನನ್ನ ಹೆಗಲ ಮೇಲಿಟ್ಟರು. ಭಾರವೆಲ್ಲ ನನ್ನ ಮೇಲೆ ಬಿತ್ತು. ನಾನು ಹಿಮ್ಮುಖವಾಗಿ ಒಂದು ಮೆಟ್ಟಿಲು ಇಳಿದು ಕಾದೆ. ಅವರ ಎಡಗಾಲು ಗಾಳಿಯಲ್ಲಿ ತಡವರಿಸಿ, ಮೆಟ್ಟಿಲು ಹುಡುಕಿ, ಊರಿತು. "ಹೂಂ" ಎಂದರು. ಅವರು ಹೂಂ ಅನ್ನುವವರೆಗೆ ನಾನು ಇನ್ನೊಂದು ಮೆಟ್ಟಿಲು ಇಳಿಯಲಿಲ್ಲ. ಮೇಲಿನಿಂದ ಯಾರೋ ಸೈಕಲ್ ಹೊತ್ತುಕೊಂಡು ಬಂದು ನಮ್ಮ ಹಿಂದೆ ನಿಂತು, "ಝರಾ ಸೈಡ್ ದೇನಾ, ಆಂಟಿಜಿ" ಎಂದರು.

"ಥೋಡಾ ರುಕೋ ಬೇಟಾ" ಎಂದರು ಪ್ರಮೀಳಕ್ಕ, ತಿರುಗಿ ನೋಡದೆ.

ಸೈಕಲ್ಲಿನವರು ಕಾದರು. ಎರಡು ಮಹಡಿ ಇಳಿಯಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು.